ಹ ಇಲ್ಲದ ಹಾಡು

ನಮ್ಮ ಅತ್ತೆಗೂ ಕನ್ನಡ ವರ್ಣಮಾಲೆಯ ಒಂದು ಅಕ್ಷರಕ್ಕೂ ಹುಟ್ಟಿದಾಗಿನಿಂದ ಮಾತುಕತೆ ಇಲ್ಲ. ಆ ಅಕ್ಷರ ಹ. ಮಿಕ್ಕ ಅಕ್ಷರಗಳ ಜೊತೆ ಅನ್ಯೋನ್ಯವಾಗಿಯೇ ಇದ್ದಾರೆ. ಬೈಯುವಾಗಂತೂ ಕರೆಯದಿದ್ದರೂ ಮಹಾಪ್ರಾಣಗಳೆಲ್ಲ ಓಡೋಡಿ ಬರುತ್ತವೆ. ಹ ಮಾತ್ರ ಅತ್ತೆಯ ನಾಲಿಗೆಯ ಹೊಸ್ತಿಲು ತುಳಿಯುವುದಿಲ್ಲ. ತುಳಿಯುವುದೇ ಇಲ್ಲ ಅಂದರೆ ಅದೂ ಪೂರ್ತಿ ನಿಜವಲ್ಲ ಅನ್ನಿ. ದಿನಾ "ಊವು, ಅಣ್ಣು, ಆಲು" ಅನ್ನುವ ಅತ್ತೆ, ಮನೆಗೆ ಬೀಗರು ಬಂದ ದಿನ ಮರ್ಯಾದೆಗೆಂದು ಎಲ್ಲಿಂದಲೋ ಒಂದು ಹಿಡಿ ಹ ತಂದು ಸಿಕ್ಕಸಿಕ್ಕಲ್ಲಿ ಉದುರಿಸಿಬಿಡುತ್ತಾರೆ. "ಹಿಡ್ಲಿ ಆಕ್ಲಾ, ಹುಪ್ಪಿಟ್ಟು ಆಕ್ಲಾ?" ಪಾಪ, ಬೀಗರು ಏನಂತ ಉತ್ತರ ಕೊಡಬೇಕು ಹೇಳಿ?

ಇಂಥ ಅತ್ತೆಯ ಸ್ವಂತ ಅಣ್ಣನ ಮಗಳಾದ ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ! ದೇವರಿಗೂ ಆಗಾಗ ಬೇಜಾರಾಗುತ್ತದೆ, ಇಂಥದ್ದೇನಾದರೂ ಮಾಡಿ ಕೂತು ನಗುತ್ತಾನೆ. ದಿನವಿಡೀ ಮಕ್ಕಳ ಬಾಯಿಗೆ ಹ ತುರುಕಿ, ಸಂಜೆ ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲೇ ಇರುವ ಅತ್ತೆ ಮನೆಗೆ ಹೋದರೆ ಬಾಗಿಲಲ್ಲೇ "ಓ, ಬಂದ್ಯಾ? ಚಪ್ಲಿ ಒರ್ಗಡೆ ಬಿಡೇ" ಎಂಬ ಸ್ವಾಗತ. ಒಮ್ಮೆ ತಿದ್ದಲು ಹೋಗಿ, "ಅತ್ತೆ, ಹೊರಗಡೆ ಅನ್ನಿ, ಹೊ, ಹೊ" ಅಂದೆ. ಅತ್ತೆ ನನ್ನ ಹಣೆ ಮುಟ್ಟಿ ನೋಡಿ, "ಉಸಿರಾಟದ ತೊಂದ್ರೆ ಇದ್ರೆ ಡಾಕ್ಟ್ರಿಗೆ ತೋರಿಸ್ಕೋ" ಅಂದರು.

ಮೊಬೈಲು ಬಂದ ಮೇಲೆ ಈ ಜಗಳಕ್ಕೆ ಹೊಸ ಕಳೆ ಬಂತು. ಸಾಮಾನು ತರಿಸುವ ಆ್ಯಪಿಗೆ ಬಾಯಲ್ಲಿ ಹೇಳಿದರೂ ಸಾಕು ಅಂತ ಯಾರೋ ಅತ್ತೆಗೆ ತೋರಿಸಿಕೊಟ್ಟಿದ್ದರು. ನಾನು ಹೋದ ದಿನ ಕಾಫಿಗೆ ಹಾಲಿರಲಿಲ್ಲ. ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಿವಿ ಮಂದವಿರುವ ಅಜ್ಜಿಗೆ ಹೇಳುವಂತೆ "ಆಲು!" ಎಂದು ಕೂಗಿದರು. ಕಂಡದ್ದನ್ನೆಲ್ಲ ಒತ್ತಿದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಡೆಲಿವರಿ ಹುಡುಗ ಆಲೂಗಡ್ಡೆಯ ಚೀಲ ಹಿಡಿದು ನಿಂತಿದ್ದ.

"ಇದ್ಯಾಕಪ್ಪ ತಂದೆ?"

"ನೀವs ಹೇಳೀರಲ್ರೀ ಆಂಟಿ, ಆಲೂ ಅಂತ."

"ನಾನ್ ಏಳಿದ್ದು ಆಲು ಕಣಪ್ಪಾ!"

"ಹೌದ್ರೀ, ಅದs ತಂದೀನಿ. ಆಲೂ."

ಇಬ್ಬರೂ ಒಂದೇ ಮಾತನ್ನು ಹೇಳಿಕೊಂಡು ಜಗಳವಾಡುವುದನ್ನು ನಾನು ಅದೇ ಮೊದಲು ನೋಡಿದ್ದು. ಅವನು ಹೋದ ಮೇಲೆ ಮೆಲ್ಲಗೆ, "ಅತ್ತೆ, ಒಂದೇ ಒಂದು ಹ ಹಾಕಿ ಹೇಳಿದ್ದಿದ್ರೆ..." ಅಂದೆ.

"ಯಾಕೆ ಆಕ್ಬೇಕು? ನಾನು ಆಲು ಅಂದ್ರೆ ಅಸು ಕೊಡುತ್ತೆ, ಎಮ್ಮೆ ಕೊಡುತ್ತೆ. ಈ ಫೋನಿಗೇನೇ ದೊಡ್ಡಸ್ತಿಕೆ?"

ಆವತ್ತು ನಾವು ಕರೀ ಕಾಫಿ ಕುಡಿದು ಆಲೂ ಬೋಂಡಾ ತಿಂದೆವು. ಬೋಂಡಾ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಇಷ್ಟರಲ್ಲಿ ಅತ್ತೆಯ ಮನೆಯ ಮಾಳಿಗೆ ರೂಮಿಗೆ ನಾಗರಬಾವಿಯಲ್ಲಿ ಲಾ ಓದುವ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಊರು ಹುಬ್ಬಳ್ಳಿ. ಹಾಗಾಗಿ ಅತ್ತೆಯ ಬಾಯಲ್ಲಿ ಅವಳು ಮೊದಲ ದಿನದಿಂದಲೇ "ಉಬ್ಬಳ್ಳಿ" ಆದಳು. ಹುಡುಗಿ ಓದುವುದು ಕಾನೂನು, ಮಾಡುವುದು ಗದ್ದಲ! ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುವ ಹುಚ್ಚು. ಅವಳು ಮೇಲೆ ಬೀಟ್ ಹಾಕಿದರೆ ಕೆಳಗೆ ಅತ್ತೆಯ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಕುಣಿಯುತ್ತಿತ್ತು. ಒಂದು ಭಾನುವಾರ ಅತ್ತೆ ಲಟ್ಟಣಿಗೆ ಹಿಡಿದು ಮೆಟ್ಟಿಲು ಹತ್ತಿದರು. ಬೀದಿಯವರೆಲ್ಲ ಕಿವಿ ನಿಮಿರಿಸಿದೆವು. ಕೂಗಾಟ ಕೇಳಲಿಲ್ಲ. ತುಂಬ ಹೊತ್ತಿನ ಮೇಲೆ ಅತ್ತೆ ಇಳಿದು ಬಂದರು, ಲಟ್ಟಣಿಗೆ ಇರಲಿಲ್ಲ.

"ಏನಾಯ್ತು ಅತ್ತೆ?"

"ತಾಳ ತಪ್ಪಿತ್ತು. ಲಟ್ಟಣಿಗೆ ಕೊಟ್ಟು ಬಂದೆ, ಅದ್ರಲ್ಲಿ ಒಡಿ ಅಂತ."

ಅಲ್ಲಿಂದ ಶುರುವಾಯಿತು ನೋಡಿ ಸ್ನೇಹ. ಆ ಹುಡುಗಿ ಕಟ್ಟುತ್ತಿದ್ದದ್ದು ಬಾಲ್ಯದ ನೋವು ಹೊತ್ತು ತನ್ನೊಳಗೇ ಉಳಿದುಬಿಟ್ಟ ಚಿಕ್ಕ ಹುಡುಗಿಯನ್ನು ಸಮಾಧಾನ ಮಾಡುವ ಒಂದು ಹಾಡನ್ನಂತೆ. ಈಗಿನವರಿಗೆ ಅದೊಂದು ದೊಡ್ಡ ವಿಷಯ. ನಮ್ಮ ಸ್ಟಾಫ್‌ರೂಮಿನಲ್ಲೂ ಇಬ್ಬರು ಅದಕ್ಕಾಗಿ ಕ್ಲಾಸಿಗೆ ಹೋಗುತ್ತಾರೆ. "ಪಾಪ್ ಹಾಡು ಆಂಟಿ. ಒಳಗ ಜನಪದ ಐತಿ, ರ‍್ಯಾಪ್ ಐತಿ, ಲಾಲಿ ಐತಿ" ಅಂತ ಅವಳು ವಿವರಿಸಿದರೆ ಅತ್ತೆ, "ಚಿತ್ರಾನ್ನ ಅನ್ನು ಮತ್ತೆ" ಅಂದರು. ರ‍್ಯಾಪ್ ಕೇಳಿಸಿದಾಗಲೂ ಅತ್ತೆಗೆ ಆಶ್ಚರ್ಯವಾಗಲಿಲ್ಲ. "ಇದು ನಮ್ ಬೀದಿ ನಲ್ಲಿ ಜಗಳ ಕಣೇ. ನಾವು ಕೊಡ ಇಡ್ಕೊಂಡು ಮಾಡ್ತಿದ್ವಿ, ನೀವು ಮೈಕ್ ಇಡ್ಕೊಂಡು ಮಾಡ್ತೀರ!"

ಹುಡುಗಿ ಬಿಡಬೇಕಲ್ಲ! "ನಿಮ್ಮೊಳಗೂ ಒಂದು ಸಣ್ಣ ಹುಡುಗಿ ಅದಾಳ್ರಿ ಆಂಟಿ. ಆಕಿಗೆ ಏನ್ ಹೇಳ್ತೀರಿ?"

"ನನ್ನೊಳ್ಗಿರೋದು ಗ್ಯಾಸ್ಟ್ರಿಕ್ ಕಣಮ್ಮ. ಅದಕ್ಕೆ ಮಜ್ಜಿಗೆ ಕೊಡ್ತೀನಿ."

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಮಾರನೆಯ ಬೆಳಿಗ್ಗೆ ನಾನಿನ್ನೂ ಸ್ಕೂಲಿಗೆ ಹೊರಟಿಲ್ಲ, ಅತ್ತೆಯ ಫೋನು. "ಇದಾಳೆ ಕಣೇ. ಮೂರನೇ ಕ್ಲಾಸು. ಎರಡು ಜಡೆ" ಅಂದರು. ಯಾರು ಅಂತ ನನಗೆ ಹೊಳೆಯುವಷ್ಟರಲ್ಲಿ ಕಟ್ ಮಾಡಿದ್ದರು.

ಸಂಜೆ ಹೋದಾಗ ಹುಬ್ಬಳ್ಳಿ ಹುಡುಗಿಯೂ ಕೆಳಗೇ ಕೂತಿದ್ದಳು. ಅತ್ತೆ ಬ್ಲೌಸಿಗೆ ಹುಕ್ಕು ಹಾಕುತ್ತ ಹೇಳಿದರು. ಮೂರನೇ ಕ್ಲಾಸಿನಲ್ಲಿ ಮಿಸ್ ಬಂದು, ಸ್ವಾತಂತ್ರ್ಯ ದಿನಾಚರಣೆಗೆ ಯಾರು ಹಾಡುತ್ತೀರಿ ಅಂತ ಕೇಳಿದರಂತೆ. ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಅತ್ತೆ. "ನಾನ್ ಆಡ್ತೀನಿ ಮಿಸ್!" ಮಿಸ್ಸಿಗೆ ಅರ್ಥವಾಗಿರಲಿಲ್ಲವೇ? ಆ ಸ್ಕೂಲಿನ ಅರ್ಧ ಮಕ್ಕಳು ಹಾಗೇ ಮಾತಾಡುವವರು! ಆದರೂ ಮಿಸ್, "ಆಡೋರಿಗೆ ಇಲ್ಲೇನು ಕೆಲಸ? ಆಡೋದಾದ್ರೆ ಮೈದಾನಕ್ಕೆ ಹೋಗು" ಅಂದರಂತೆ. ಇಡೀ ಕ್ಲಾಸು ಗೊಳ್ಳೆಂದಿತು.

"ಓದೆ. ಬೆಲ್ಲು ಒಡಿಯೋವರ್ಗೂ ಬಿಸಿಲಲ್ಲಿ ನಿಂತಿದ್ದೆ. ಆಟಾನೂ ಆಡ್ಲಿಲ್ಲ" ಅಂದರು ಅತ್ತೆ.

ಆಮೇಲೆ ಅತ್ತೆ ನಾಲ್ಕು ಜನರ ಎದುರು ಹಾಡಿದ್ದೇ ಇಲ್ಲ. ನಮ್ಮ ಯಾವ ಮದುವೆಯಲ್ಲೂ, ಯಾವ ನಾಮಕರಣದಲ್ಲೂ ಇಲ್ಲ; ಅದು ನನಗೆ ಆಗಲೇ ಹೊಳೆದದ್ದು. ಹಾಡುತ್ತಿದ್ದದ್ದು ಒಂದೇ ಕಡೆ, ಹಿಂದೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಅಷ್ಟು ಮಿಷನ್ನುಗಳು ಒಟ್ಟಿಗೆ ಓಡುವಾಗ ಯಾರ ದನಿ ಯಾರಿಗೆ ಕೇಳುತ್ತದೆ? ವರ್ಷಗಟ್ಟಲೆ ಗಂಟಲು ಬಿಟ್ಟು ಹಾಡಿದರಂತೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಿಷನ್ನುಗಳೆಲ್ಲ ನಿಂತವು, ಅತ್ತೆ ನಿಲ್ಲಲಿಲ್ಲ! ಸೂಪರ್‌ವೈಸರು "ಯಾರ್ರೀ ಅದು?" ಅಂತ ಗದರಿದರು.

"ಆಮೇಲೆ?" ಅಂದೆ.

"ನಾನೂ ಯಾರದು ಅಂತ ಇಂದೆ ತಿರುಗಿ ನೋಡ್ದೆ."

ನನಗೆ ನಗು ತಡೆಯಲಿಲ್ಲ. ನಗು ಮುಗಿಯುವ ಮೊದಲೇ ಆ ಮಿಸ್ಸಿನ ಮೇಲೆ ಕೆಂಡದಂಥ ಸಿಟ್ಟೂ ಬಂತು. ಹುಬ್ಬಳ್ಳಿ ಹುಡುಗಿ ಮಾತ್ರ ನಗಲಿಲ್ಲ. ಎದ್ದು ಹೋಗಿ ಅತ್ತೆಯ ಹೊಲಿಗೆ ಮಿಷನ್ನಿನ ಪೆಡಲು ತುಳಿದಳು, ಟಕಟಕಟಕ. "ಬೀಟ್ ಸಿಕ್ತ್ರಿ ಆಂಟಿ" ಅಂದಳು.

ಮುಂದಿನ ಸಂಜೆಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಸಂಗೀತ ಅನ್ನುವುದೋ ಹೊಲಿಗೆ ಅನ್ನುವುದೋ ಗೊತ್ತಿಲ್ಲ. ಮಿಷನ್ನಿನ ಟಕಟಕಕ್ಕೆ ಲ್ಯಾಪ್‌ಟಾಪಿನ ತಮಟೆ ಸೇರಿತು. ಅದರ ಮೇಲೆ ಹುಬ್ಬಳ್ಳಿಯ ರ‍್ಯಾಪು, ನಡುವೆ ಅತ್ತೆಯ ಲಾಲಿ. ಬೀದಿಯ ಹಾರನ್ನು ಒಳಗೆ ಬರಬಾರದೆಂದು ಇಬ್ಬರೂ ಮೈಕಿನ ಸಮೇತ ಕಂಬಳಿ ಮುಸುಕು ಹಾಕಿಕೊಂಡು, ಶೀತವಾದವರು ಹಬೆ ತೆಗೆದುಕೊಳ್ಳುವಂತೆ ಕೂರುತ್ತಿದ್ದರು. ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು:

ಎರಡು ಜಡೆಯ ಉಡುಗೀ, ಬಾರೇ ಇಲ್ಲಿ,
ಬಿಸಿಲಲ್ಲಿ ನಿಂತಿದ್ದು ಸಾಕು.
ಯಾರೇನಂದ್ರೂ ಅಂದ್ಕೊಳ್ಳಿ ಓಗ್ಲಿ,
ನಾನೂ ನೀನೂ ಆಡ್ಬೇಕು.

ಎಂಥಾ ಕಂಠ ಅಂತೀರಿ! ಸ್ವಲ್ಪ ಒರಟು, ಸ್ವಲ್ಪ ಹುಳಿ, ಆದರೆ ಒಂದು ಸ್ವರವೂ ಆಚೀಚೆ ಇಲ್ಲ. ಇಷ್ಟು ವರ್ಷ ಇದು ಎಲ್ಲಿತ್ತು?

ಈಗ ಬಂದರು ನಮ್ಮ ಬೀದಿಯ ಕನ್ನಡ ಸಂಘದ ಅಧ್ಯಕ್ಷರು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹಾಡುವವರನ್ನು ಹುಡುಕುತ್ತಿದ್ದರು. ಕಂಬಳಿಯ ಕಛೇರಿ ಕೇಳಿ ತಲೆದೂಗಿದರು. ಪಲ್ಲವಿ ಮುಗಿಯುವಷ್ಟರಲ್ಲಿ ತಲೆ ನಿಂತಿತು. ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಕನ್ನಡದ ದಿನಾನೇ ಉಚ್ಚಾರಣೆ ತಪ್ಪಾದ್ರೆ ಜನ ಏನಂತಾರೆ? ನೀವೇ ಸ್ವಲ್ಪ ತಿದ್ದಿಬಿಡಿ. ಇಲ್ಲಾಂದ್ರೆ ಕಷ್ಟ" ಅಂದರು.

ಅಂದರೆ ಹ ಬಂದರೆ ಸ್ಟೇಜು, ಇಲ್ಲದಿದ್ದರೆ ಇಲ್ಲ. ಮೂರನೇ ಕ್ಲಾಸಿನ ತೀರ್ಪೇ ಮತ್ತೆ! ಅತ್ತೆಗೆ ಸ್ಟೇಜು ತಪ್ಪಬಾರದು ಎಂಬ ಆಸೆ ನನಗೆ. ಹುಬ್ಬಳ್ಳಿ ಹುಡುಗಿ ಒಂದು ಉಪಾಯ ಹೇಳಿದಳು. "ಮೇಡಂ, ನಿಮ್ದು ಒಂದೀಟು ಹ ಕೊಡ್ರಿ. ಆಂಟಿ ದನಿಗೆ ಅಂಟಿಸಿ ನೋಡೂಣು." ರೆಕಾರ್ಡು ಹಾಕಿಬಿಟ್ಟರೆ ಅತ್ತೆ ಬರೀ ಬಾಯಿ ಆಡಿಸಿದರೆ ಸಾಕಂತೆ. ಕನ್ನಡ ಎಂ.ಎ. ಮಾಡಿದ ನಾನು ಕಂಬಳಿಯೊಳಗೆ ಕೂತು ಮೈಕಿಗೆ "ಹ, ಹಾ, ಹು, ಹೋ" ಅಂದೆ. ನಮ್ಮ ಹೆಡ್‌ಮಾಸ್ಟರು ನೋಡಿದ್ದರೆ ರಜೆ ಕೊಟ್ಟು ಮನೆಗೆ ಕಳಿಸುತ್ತಿದ್ದರು.

ಅಂಟಿಸಿದ್ದಾಯಿತು. ಅತ್ತೆಗೆ ಕೇಳಿಸಿದೆವು. "ನಾನೂ ನೀನೂ ಹಾಡ್ಬೇಕು" ಅಂತ ಸ್ವಚ್ಛವಾಗಿ ಬಂತು. ನಾನು ಹೆಮ್ಮೆಯಿಂದ ಅತ್ತೆಯ ಮುಖ ನೋಡಿದೆ.

"ತೆಗಿ ಅದನ್ನ" ಅಂದರು ಅತ್ತೆ.

"ಯಾಕತ್ತೆ? ಚೆನ್ನಾಗಿ ಬಂದಿದೆಯಲ್ಲ!"

"ಯಾರಿಗೆ ಆಡ್ತಿರೋದು ನಾನು? ಆ ಎರಡು ಜಡೆಯವಳಿಗೆ. ಅವಳಿಗೆ ಆ ಅಕ್ಷರ ಕೇಳಿಸ್ತು ಅಂದ್ರೆ, ಮಿಸ್ ಬಂದ್ರು ಅಂದ್ಕೊಂಡು ಇನ್ನೂ ದೂರ ಓಗ್ತಾಳೆ."

ಹುಡುಗಿ ಅಂಟಿಸಿದ ಹಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಆಮೇಲೆ ರ‍್ಯಾಪಿನ ಭಾಗವನ್ನೂ ಅತ್ತೆಯೇ ಹೇಳಿದರು. ಹುಬ್ಬಳ್ಳಿಯವಳು ಬರೆದದ್ದು "ಹರಿದದ್ದನ್ನೆಲ್ಲ ಹೊಲಿದೆ" ಅಂತ. ಅತ್ತೆಯ ಬಾಯಲ್ಲಿ ಅದು "ಅರಿದದ್ದನ್ನೆಲ್ಲ ಒಲಿದೆ" ಆಯಿತು. ಹರಿದ ಬಟ್ಟೆ ಹೊಲಿಯುತ್ತಿದ್ದವರು ಅರಿತದ್ದಕ್ಕೆಲ್ಲ ಒಲಿದುಬಿಟ್ಟರು! ಇಷ್ಟು ವರ್ಷ ಶ್ಲೇಷಾಲಂಕಾರಕ್ಕೆ ಗೈಡಿನಲ್ಲಿದ್ದ ಉದಾಹರಣೆಯನ್ನೇ ಬೋರ್ಡಿನ ಮೇಲೆ ಬರೆದುಕೊಂಡು ಬಂದಿದ್ದೆ. ಇದನ್ನು ನಾನು ತಿದ್ದಬೇಕೇ? ತಿದ್ದುವುದಿಲ್ಲ. ಯಾವ ಅಧ್ಯಕ್ಷರು ಬಂದರೂ ತಿದ್ದುವುದಿಲ್ಲ!

ಅಧ್ಯಕ್ಷರು ಮತ್ತೆ ಬಂದರು. "ತಿದ್ದಿದ್ರಾ ಮೇಡಂ?"

ಅತ್ತೆ ನನಗಿಂತ ಮೊದಲು ಎದ್ದರು. "ತಿದ್ದಲ್ಲ. ಸ್ಟೇಜ್ ಕೊಟ್ರೆ ಸ್ಟೇಜ್ ಮೇಲೆ ಆಡ್ತೀನಿ, ಕೊಡ್ದಿದ್ರೆ ಸ್ಟೇಜ್ ಎದುರಿಗೆ ಮಿಷನ್ ಇಟ್ಕೊಂಡು ಆಡ್ತೀನಿ. ಬೀದಿ ನಿಮ್ಮಪ್ಪಂದೇನಲ್ಲ."

"ಸಾರ್, ಕನ್ನಡ ಮೇಡಂ ನಾನೇ ಹೇಳ್ತಾ ಇದೀನಿ, ಆ ಹಾಡಲ್ಲಿ ಒಂದಕ್ಷರ ತಪ್ಪಿಲ್ಲ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ" ಅಂದೆ ನಾನು. ಲಾ ಹುಡುಗಿ ಮೆಟ್ಟಿಲ ಮೇಲಿನಿಂದ, "ಉಚ್ಚಾರಣೆ ಆಂಟೀದು, ಹಾಡೂ ಆಂಟೀದು. ಬೇಕಾದ್ರ ನೋಟೀಸ್ ಕೊಡ್ತೀನ್ರಿ" ಅಂತ ಸೇರಿಸಿದಳು. ಮೂವರು ಹೆಂಗಸರು, ಮೂರು ಕನ್ನಡ. ಅಧ್ಯಕ್ಷರು ಶಾಲು ಸರಿಪಡಿಸಿಕೊಂಡು ಒಪ್ಪಿದರು.

ರಾಜ್ಯೋತ್ಸವದ ಸಂಜೆ ಬಂತು. ಕೆಂಪು ಹಳದಿ ಬಾವುಟ, ಪ್ಲಾಸ್ಟಿಕ್ ಕುರ್ಚಿ, ಒಂದು ಕಡೆ ಪಲಾವಿನ ಕೊಳಗ. ಸ್ಟೇಜಿನ ಮೇಲೆ ಹೊಲಿಗೆ ಮಿಷನ್ನು ನೋಡಿ ಇದೇನು ಉಚಿತ ಹೊಲಿಗೆ ಯಂತ್ರ ವಿತರಣೆಯೇ ಅಂತ ಇಬ್ಬರು ಹೆಂಗಸರು ಬಂದು ವಿಚಾರಿಸಿಕೊಂಡು ಹೋದರು. ಅಧ್ಯಕ್ಷರು ಮೈಕು ಹಿಡಿದು, ಎರಡು ಸಲ ಕೆಮ್ಮಿ, ಗಂಭೀರವಾಗಿ ಘೋಷಿಸಿದರು:

"ಈಗ ನಮ್ಮ ಬೀದಿಯ ಇರಿಯರು ಒಂದು ಒಸಾ ಆಡು ಆಡ್ತಾರೆ! ಎಲ್ರೂ ಚಪ್ಪಾಳೆ ಒಡೀರಿ!"

ನಾನೂ ಹುಬ್ಬಳ್ಳಿ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಧ್ಯಕ್ಷರಿಗೆ ತಾವೇನಂದೆವು ಅಂತ ಇವತ್ತಿಗೂ ಗೊತ್ತಿಲ್ಲ. ಜನ ಜೋರಾಗಿ ಚಪ್ಪಾಳೆ ಒಡೆದರು.

ಹುಡುಗಿ ಪೆಡಲು ತುಳಿದಳು. ತಮಟೆ ಬಿತ್ತು. ಅತ್ತೆ ಹಾಡಿದರು. ಕಣ್ಣು ಮುಚ್ಚಲಿಲ್ಲ, ತಲೆ ತಗ್ಗಿಸಲಿಲ್ಲ. ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಗಾರ್ಮೆಂಟ್ಸಿನ ಹಳೆಯ ಗೆಳತಿಯರು ಎದ್ದು ನಿಂತು ಜೊತೆಗೆ ಕೂಗತೊಡಗಿದರು, "ನಾನೂ ನೀನೂ ಆಡ್ಬೇಕು!" ಆ ಬೀದಿಯಲ್ಲಿ ಒಬ್ಬರ ಬಾಯಲ್ಲೂ ಹ ಇರಲಿಲ್ಲ. ನಾನೂ ಕೂಗಿದೆ. ನನ್ನದೂ ಎಲ್ಲಿ ಹೋಯಿತೋ!

ಹಾಡು ಮುಗಿಯಿತು. ಜನ ಪಲಾವಿನ ಕಡೆ ಹೊರಟರು. ಅತ್ತೆ ಸ್ಟೇಜಿನ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದರು, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ. ನಾನು ಓಡಿಹೋಗಿ ಕೈ ಹಿಡಿದುಕೊಂಡೆ.

"ಕೇಳಿಸ್ತೇನೇ?" ಅಂದರು ಅತ್ತೆ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಕೇಳಿಸ್ತು ಅತ್ತೆ! ಮಾಗಡಿ ರೋಡಿನವರೆಗೂ ಕೇಳಿಸಿರುತ್ತೆ!"

ಅತ್ತೆ ನನ್ನತ್ತ ನೋಡುತ್ತಿರಲಿಲ್ಲ. ಖಾಲಿಯಾಗುತ್ತಿದ್ದ ಕುರ್ಚಿಗಳ ಆಚೆ, ಬೀದಿಯ ತುದಿಯತ್ತ ನೋಡುತ್ತಿದ್ದರು.

"ನಿನ್ನಲ್ಲ ಕಣೇ ಕೇಳಿದ್ದು" ಅಂದರು.

ನಾನು ಅವರ ಕೈ ಬಿಟ್ಟು, ಎರಡು ಜಡೆಯವಳಿಗೆ ಜಾಗವಾಗಲೆಂದು ಸ್ವಲ್ಪ ಪಕ್ಕಕ್ಕೆ ಸರಿದು ನಿಂತೆ.