ಎರಡು ತಟ್ಟು, ಒಂದು ‘ರೈಟ್!’

“ಇನ್ಮೇಲೆ ನಿಮ್ಮಕ್ಕನ ಮನೆಗೆ ಬಸ್ಸಲ್ಲಿ ಹೋಗೋ ಮಾತೇ ಇಲ್ಲ! ಈ ಭಾನುವಾರ ಸ್ವಂತ ದೋಣಿ, ಸ್ವಂತ ರಟ್ಟೆ!”

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದವರು ಗೋದಾಮಿನ ಸೂಪರ್‌ವೈಸರ್ ಸಾಹೇಬರು. ಒಳಗೆ ತರಕಾರಿ ಹೆಚ್ಚುತ್ತಿದ್ದ ಹೆಂಡತಿ ತಲೆ ಎತ್ತದೆಯೇ, “ರಟ್ಟೆ ಇದ್ರೆ ಮೊದ್ಲು ಆ ಸಿಲಿಂಡರ್ ಒಳಗಿಡಿ,” ಎಂದರು.

ದೋಣಿ ಹಳೆಯದು, ಆದರೆ ಮಾಲೀಕರು ಹೊಸಬರು. ಒಂದು ವಾರ ಗೋದಾಮಿನಿಂದ ಬಂದವರೇ ಲುಂಗಿ ಮೇಲೆ ಕಟ್ಟಿ ಕೆರೆ ದಂಡೆಗೆ ಓಡಿದರು. ಬಿರುಕುಗಳಿಗೆ ಡಾಂಬರು ತುಂಬಿದರು. ಹಸಿರು ಬಣ್ಣ ಬಳಿದರು. ದೋಣಿಗೆ ಹತ್ತಿದಷ್ಟೇ ಬಣ್ಣ ಮೀಸೆಗೂ ಹತ್ತಿತು!

ಈ ಹುರುಪಿನ ಹಿಂದೆ ಒಂದು ನೋವಿತ್ತು. ಕೆರೆಯ ಆಚೆ ದಡದಲ್ಲಿ ಹೆಂಡತಿಯ ಅಕ್ಕನ ಮನೆ. ಆ ಅಕ್ಕನ ಗಂಡ, ಅಂದರೆ ಸಾಹೇಬರ ಷಡ್ಡಕ, ಹೋದ ಸಲ ಊಟಕ್ಕೆ ಕೂತಾಗ ಎಲ್ಲರೆದುರಿಗೆ ಒಂದು ಮಾತು ಅಂದಿದ್ದ. “ನೀನು ಲಾರಿ ತುಂಬಿ ಕಳಿಸೋನು ಕಣಯ್ಯಾ. ಪ್ರಪಂಚವೆಲ್ಲ ನಿನ್ನ ಕಣ್ಮುಂದೆನೇ ಹೊರಡುತ್ತೆ, ನೀನು ಮಾತ್ರ ಅಲ್ಲೇ ಇರ್ತೀಯ!” ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಆದರೆ ಅಂದು ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ, ಏಕೆಂದರೆ ಮಾತು ನಿಜವಾಗಿತ್ತು. ಅವರು ತುಂಬಿದ ಲಾರಿಗಳು ಬೆಟ್ಟ ಹತ್ತಿದ್ದವು, ಬಂದರು ಕಂಡಿದ್ದವು. ಅವರು ಕಂಡಿದ್ದು ಲಾರಿಗಳ ಹಿಂದಿನ ಕೆಂಪು ದೀಪ ಮಾತ್ರ. ಒಮ್ಮೆಯಾದರೂ ತಾವೂ ಹೊರಡಬೇಕು, ಅದೂ ಷಡ್ಡಕನ ಕಣ್ಣೆದುರಿಗೇ ಹೋಗಿ ಇಳಿಯಬೇಕು ಎಂದು ಪಣ ತೊಟ್ಟಿದ್ದರು.

ಹಾಗೆಂದು ಅವರ ಲೋಡಿಂಗ್ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ! ಅವರು ತುಂಬಿದ ಲಾರಿಯಲ್ಲಿ ಗಾಳಿಗೂ ಜಾಗವಿರುತ್ತಿರಲಿಲ್ಲ. ಉದ್ದದ್ದು ತಳಕ್ಕೆ, ಭಾರದ್ದು ನಡುವೆ, ಒಡೆಯುವಂಥದ್ದು ಮೇಲೆ. ಎಲ್ಲ ಮುಗಿದ ಮೇಲೆ ಹಿಂಬಾಗಿಲಿಗೆ ಎರಡು ಸಲ ಪಟಪಟ ತಟ್ಟಿ “ರೈಟ್!” ಎಂದರೆ ಸಾಕು, ಡ್ರೈವರ್ ಎರಡನೇ ಮಾತಿಲ್ಲದೆ ಹೊರಡುತ್ತಿದ್ದ.

ಭಾನುವಾರ ಬೆಳಗಾಯಿತು. ಕೆರೆಯ ಮೆಟ್ಟಿಲ ಮೇಲೆ ಮನೆಯ ಅರ್ಧ ಸಾಮಾನು ಬಂದು ಕೂತಿತ್ತು. ಸ್ಟೌವು, ಕುಕ್ಕರು, ಎರಡು ಬಕೆಟ್ಟು, ಹಾಸಿಗೆ, ಸೊಳ್ಳೆಪರದೆ, ಮಡಚುವ ಮೇಜು, ಅಜ್ಜನ ಕಾಲದ ದೊಡ್ಡ ಕೊಡೆ.

“ಅಲ್ಲಾ ರೀ, ಅಕ್ಕನ ಮನೆ ಇಲ್ಲಿಂದ್ಲೇ ಕಾಣ್ಸುತ್ತೆ. ಅವಳು ಬಟ್ಟೆ ಒಣಗಿಸ್ತಿರೋದೂ ಕಾಣ್ಸುತ್ತೆ! ಇಷ್ಟೆಲ್ಲಾ ಯಾಕೆ?”

“ನೀರಿನ ಮೇಲೆ ಹೋಗೋದು ಅಂದ್ರೆ ತಮಾಷೆನಾ? ಏನು ಯಾವಾಗ ಬೇಕಾಗುತ್ತೋ ಯಾರು ಕಂಡೋರು!”

“ಇಸ್ತ್ರಿ ಪೆಟ್ಟಿಗೆ ಯಾವಾಗ ಬೇಕಾಗುತ್ತೆ?”

“ನಿಮ್ಮ ಭಾವನ ಎದುರಿಗೆ ಸುಕ್ಕು ಶರ್ಟಲ್ಲಿ ಇಳೀಲಾ?”

ಹೆಂಡತಿ ತೇಲುವ ಜಾಕೆಟ್ಟು ತೊಟ್ಟು ಮುಂದಿನ ಹಲಗೆಯ ಮೇಲೆ, ಕುಕ್ಕರಿಗೂ ಹಾಸಿಗೆಗೂ ನಡುವೆ ಮೈ ಹಿಡಿಮಾಡಿಕೊಂಡು ಕೂತರು. ಹಿಂದೆ ಒಂದು ಹಲಗೆ ಸಾಹೇಬರಿಗೆಂದು ಖಾಲಿ ಇತ್ತು. ಸಾಹೇಬರು ಕೊನೆಯದಾಗಿ ಫ್ಲಾಸ್ಕನ್ನು ಸಂದಿಗೆ ತುರುಕಿದರು. ಒಂದು ಹೆಜ್ಜೆ ಹಿಂದೆ ಸರಿದು ಲೋಡನ್ನು ಕಣ್ತುಂಬ ನೋಡಿದರು. ಒಂದು ಕಡ್ಡಿ ಅಲುಗಾಡುವಂತಿಲ್ಲ! ಎದೆ ಉಬ್ಬಿತು. ಹಗ್ಗ ಬಿಚ್ಚಿ ಒಳಗೆಸೆದರು, ಒಮ್ಮೆ ಬಲವಾಗಿ ನೂಕಿದರು, ದೋಣಿಯ ಬೆನ್ನಿಗೆ ಎರಡು ಸಲ ಪಟಪಟ ತಟ್ಟಿದರು.

“ರೈಟ್!”

ದೋಣಿ ಹೊರಟಿತು.

ಸಾಹೇಬರು ಕೈ ಕೊಡವಿಕೊಂಡು, ಮುಂದಿನ ಲಾರಿ ಯಾವುದೆಂದು ನೋಡುವವರಂತೆ ಹಿಂದಕ್ಕೆ ತಿರುಗಿದರು. ಆಗ ನೀರಿನ ಮೇಲಿಂದ ಶಾಂತವಾದ ಒಂದು ದನಿ ಕೇಳಿಸಿತು.

“ರೀ... ನೀವು ಬರಲ್ವಾ?”

ಸಾಹೇಬರಿಗೆ ಈಜು ಬಾರದು. ಮೊಣಕಾಲುದ್ದ ನೀರಿಗೆ ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು ಕೂಗಿದರು, “ಹೆದರ್ಬೇಡ ಕಣೇ! ಹುಟ್ಟು ಹಾಕು! ಹುಟ್ಟು ಹಾಕ್ಕೊಂಡು ವಾಪಸ್ ಬಾ!”

“ಹುಟ್ಟು ಎಲ್ಲಿದೆ?”

“ಕೆಳಗೆ!”

“ಯಾವುದರ ಕೆಳಗೆ?”

ಸಾಹೇಬರ ದನಿ ಇಳಿಯಿತು. “ಎಲ್ಲದರ ಕೆಳಗೆ...”

ಉದ್ದದ್ದು ತಳಕ್ಕೆ! ಹುಟ್ಟಿಗಿಂತ ಉದ್ದದ್ದು ದೋಣಿಯಲ್ಲಿ ಇನ್ನೇನಿತ್ತು?

ಹೆಂಡತಿ ಒಂದು ಕ್ಷಣ ಸಾಮಾನಿನ ಗುಡ್ಡವನ್ನು ನೋಡಿದರು, ಒಂದು ಕ್ಷಣ ಗಂಡನನ್ನು ನೋಡಿದರು. ಗಾಳಿ ಆಚೆ ದಡದ ಕಡೆಗೆ ಬೀಸುತ್ತಿತ್ತು. ಕೈಗೆ ಸಿಕ್ಕ ದೊಡ್ಡ ಕೊಡೆಯನ್ನು ಬಿಚ್ಚಿ ಗಾಳಿಗೆ ಅಡ್ಡ ಹಿಡಿದರು. ಹಸಿರು ದೋಣಿ ಮೆಲ್ಲಗೆ ಅಕ್ಕನ ಮನೆಯ ದಿಕ್ಕಿಗೆ ತಿರುಗಿತು. “ನೀವು ಬಸ್ಸಿಗೆ ಬನ್ನಿ!” ಎಂಬ ಮಾತು ತೇಲಿ ಬಂತು.

ಬಸ್ಸು ಕೆರೆಯನ್ನು ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಸಾಹೇಬರು ಒದ್ದೆ ಪ್ಯಾಂಟಿನಲ್ಲಿ ಕಿಟಕಿಗೆ ಮುಖ ಅಂಟಿಸಿ ಕೂತಿದ್ದರು. ಮರಗಳ ಸಂದಿಯಲ್ಲಿ ಕಪ್ಪು ಕೊಡೆ ಕಂಡಾಗ ಜೀವ ಬರುತ್ತಿತ್ತು, ಮರೆಯಾದಾಗ ಹೋಗುತ್ತಿತ್ತು. ಒಂದು ತಿರುವಿನಲ್ಲಿ ನೋಡುತ್ತಾರೆ, ಹೆಂಡತಿ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಕಾಫಿ ಕುಡಿಯುತ್ತಿದ್ದಾರೆ!

ಓಡೋಡಿ ಅಕ್ಕನ ಮನೆ ಮುಟ್ಟಿದಾಗ ಅಂಗಳದ ತುಂಬ ಅವರದೇ ಸಾಮಾನು. ಬಾಗಿಲಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಂಗಿ ಒಬ್ಬಳೇ, ಸ್ಟೌವು ಹಾಸಿಗೆ ಸಮೇತ ದಡಕ್ಕೆ ಬಂದರೆ ಯಾವ ಅಕ್ಕ ತಾನೇ ಬೇರೇನು ತಿಳಿದುಕೊಂಡಾಳು?

“ನನ್ನ ತಂಗಿಗೆ ಏನು ಮಾಡಿದ್ರಿ? ಮನೆ ಬಿಟ್ಟು ಬರೋ ಹಾಗೆ ಏನು ಮಾಡಿದ್ರಿ ಅಂತ ಕೇಳ್ತಿದ್ದೀನಿ! ಕೇಳಿದ್ರೆ ಅವಳು ಬಾಯೇ ಬಿಡ್ತಿಲ್ಲ!”

ಹಿಂದೆ ಷಡ್ಡಕ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಎಂದೂ ಇಲ್ಲದ ಗಂಭೀರ ಮುಖದಲ್ಲಿ ನಿಂತಿದ್ದ. ಸಾಹೇಬರು ದಿಕ್ಕುಗೆಟ್ಟು ಹೆಂಡತಿಯತ್ತ ನೋಡಿದರು. ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತು, “ಹೇಳ್ರೀ. ನಿಮ್ಮ ಬಾಯಿಂದ್ಲೇ ಕೇಳ್ಲಿ ಅಂತ ಕಾಯ್ತಿದ್ದೀನಿ,” ಎಂದರು.

ಬೇರೆ ದಾರಿಯಿರಲಿಲ್ಲ. ತಮ್ಮ ದೋಣಿಗೆ ತಾವೇ ಹತ್ತುವುದನ್ನು ಮರೆತ ಕಥೆಯನ್ನು ಸಾಹೇಬರು ನೆಲ ನೋಡುತ್ತ ಒಪ್ಪಿಸಿದರು. ಷಡ್ಡಕ ನಗುತ್ತ ನಗುತ್ತ ಇಸ್ತ್ರಿ ಪೆಟ್ಟಿಗೆಯನ್ನು ಕಾಲ ಮೇಲೆ ಬೀಳಿಸಿಕೊಂಡ. ಆಮೇಲೂ ನಗುತ್ತಲೇ ಇದ್ದ.

ಊಟವಾದ ಮೇಲೆ ಹೆಂಡತಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು, “ನೀರಿನ ಮೇಲೆ ಎಷ್ಟು ಚೆನ್ನಾಗಿತ್ತು ಗೊತ್ತಾ? ನೀವೂ ಇರ್ಬೇಕಿತ್ತು.”

ಸಂಜೆ ಗಾಳಿ ಬಿದ್ದಿತ್ತು. ಈ ಬಾರಿ ಲೋಡಿಂಗ್ ಹೆಂಡತಿಯದು. ಸಾಮಾನೆಲ್ಲ ಅಕ್ಕನ ಮನೆಯಲ್ಲೇ ಉಳಿಯಿತು. ಹುಟ್ಟುಗಳು ಕೈಗೆಟಕುವ ಹಾಗೆ ಮೇಲೆ ಬಂದವು. ಮೊದಲು ಸಾಹೇಬರನ್ನು ಹತ್ತಿಸಿ, ಜಾಕೆಟ್ಟು ತೊಡಿಸಿ, ನಡುವಿನ ಹಲಗೆಯ ಮೇಲೆ ಕೂರಿಸಿದರು. ಎದುರಿಗೆ ತಾವು ಕೂತರು. ಷಡ್ಡಕ ಕುಂಟುತ್ತ ಬಂದು ಹಗ್ಗ ಬಿಚ್ಚಿದ, ದೋಣಿಯ ಬೆನ್ನಿಗೆ ಎರಡು ಸಲ ಪಟಪಟ ತಟ್ಟಿದ.

“ರೈಟ್!”

ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಸಾಹೇಬರು ಎದ್ದು ನಿಂತು ಒಂದು ಕಾಲನ್ನು ದಡದ ಕಡೆಗೆ ಎತ್ತಿಯೇಬಿಟ್ಟರು!

ಹೆಂಡತಿ ಶರ್ಟಿನ ಹಿಂಬದಿ ಹಿಡಿದು ಜಗ್ಗಿದರು.

“ಕೂತ್ಕೊಳ್ರೀ! ಈ ಸಲ ನೀವೇ ಲೋಡು!”