ಪಾವಾ ಕೊಲ್ಲಿಯಲ್ಲಿ ಬ್ಯಾಚ್ ಹುಡುಕಿ ಸೋತವರ ಅಹವಾಲು

ದಂಡೆ ಶುದ್ಧೀಕರಣದ ಹೊಣೆ ಹೊತ್ತು, ಆಕ್ಲೆಂಡಿನಿಂದ ನಮ್ಮ ದಕ್ಷಿಣ ದ್ವೀಪದ ತುದಿಗೆ ದಯಮಾಡಿಸಿರುವ ಮಾನ್ಯ ಅಧಿಕಾರಿ ಟ್ರೆಂಟನ್ ಹೇಲ್ ಅವರೇ,

ಪಾವಾ ಕೊಲ್ಲಿಯ ಸಮಸ್ತರ ಪರವಾಗಿ ಈ ಮುದುಕಿಯ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ಇಲ್ಲಿನ ಗಾಳಿಗೆ ಹಾರಿಹೋಗದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

"ಸರ್ಕಾರಿ ದಂಡೆಯ ಮೇಲಿನ ಬ್ಯಾಚ್‌ಗಳನ್ನೆಲ್ಲ ಬೇಸಿಗೆ ಮುಗಿಯುವುದರೊಳಗೆ ಕೆಡವತಕ್ಕದ್ದು" ಎಂಬ ತಮ್ಮ ನೋಟಿಸು ತಲುಪಿತು. ರಜೆಯಲ್ಲಿ ಹೋಗಿ ಕಾಲುಚಾಚುವ ತಗಡಿನ ಪುಟ್ಟ ಮನೆಗೆ ತಮ್ಮ ಉತ್ತರದ ಕಡೆ ಬ್ಯಾಚ್ ಎನ್ನುತ್ತಾರೆಂದು ಕೇಳಿ ಬಲ್ಲೆವು. ನಾವು ದಕ್ಷಿಣದವರು ರಜೆಯಲ್ಲಿ ಕಾಲುಚಾಚುವುದು ಕ್ರಿಬ್‌ಗಳಲ್ಲಿ; ಇಲ್ಲಿರುವುದೋ ಬರೀ ಅವೇ. ಆದರೂ ಸರ್ಕಾರದ ಮಾತು ಮೀರಬಾರದೆಂದು ಊರಿಗೆ ಊರೇ ಹುಡುಕಲು ಹೊರಟು, ಬಂಡೆಗಳ ಸಂದಿ, ದೋಣಿಮನೆ, ಕೊನೆಗೆ ಹಿತ್ತಲ ಕಕ್ಕಸನ್ನೂ ಬಿಡದೆ ಜಾಲಾಡಿದೆವು. ಪಕ್ಕದ ಕ್ರಿಬ್ಬಿನ ಎಫೀ ಮೊಣಕಾಲು ತಿಕ್ಕಿಕೊಳ್ಳುತ್ತ, "ಏನ್ ಕರ್ಮನೋ! ಅದು ತಿನ್ನೋದೋ ಉಡೋದೋ ಅಂತಾನಾದ್ರೂ ಬರೀಬಾರ್ದಿತ್ತಾ ಆ ಪುಣ್ಯಾತ್ಮ?" ಎಂದು ಗೊಣಗಿದಳು. ಕೆಡವಲೆಂದು ತಾವೇ ಗೊತ್ತುಮಾಡಿದ ಜೆಸಿಬಿಯ ಲಾಕೀ ಕೂಡ, "ನಂದೇನ್ ತಕರಾರಿಲ್ಲಕ್ಕಾ, ಬ್ಯಾಚ್ ಯಾವ್ದು ತೋರ್ಸಿ, ಈಗ್ಲೇ ಉರುಳಿಸ್ತೀನಿ" ಎಂದು ಚಹಾ ಕುಡಿಯುತ್ತ ಕೂತಿದ್ದಾನೆ.

ಆದಕಾರಣ ಮಾದರಿಗೆಂದು ಆಕ್ಲೆಂಡಿನ ಒಂದು ಬ್ಯಾಚನ್ನು ಒಲೆ, ಹಾಸಿಗೆ, ಸಾಧ್ಯವಾದರೆ ಅದರೆದುರಿನ ಸಮುದ್ರದ ಸಮೇತ ಹಡಗಿನಲ್ಲಿ ತರಿಸಿ ನಮ್ಮ ದಂಡೆಗೆ ಇಳಿಸಬೇಕಾಗಿ ಪ್ರಾರ್ಥನೆ. ಅದಕ್ಕೆ ತಾಳೆಯಾದುದನ್ನು ನಾವೇ ಬೆರಳು ಮಾಡಿ ತೋರಿಸುತ್ತೇವೆ.

ನನ್ನದಂತೂ ತಾಳೆಯಾಗಲಾರದು. ಹಡಗಿನಲ್ಲಿ ಕಾರುಗಳು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಬಿಚ್ಚಿ, ನನ್ನ ಗಂಡ ಹಲಗೆಗೆ ಹಲಗೆ ಬಡಿದು ಕಟ್ಟಿದ್ದು. ಒಂದು ಕಿಟಕಿಯೂ ನೆಟ್ಟಗಿಲ್ಲ. ಅವನು ಹೋದ ಮೇಲೆ ಪಟ್ಟಣದ ಮನೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ, ಇಲ್ಲಿ ಹತ್ತುತ್ತದೆ. ಇದೂ ಹೋದರೆ ಎಲ್ಲಿ ಮಲಗಲಿ ಎಂದು ಭಯವಾಗುತ್ತದೆ ಸ್ವಾಮಿ, ಇದೊಂದನ್ನು ಮಾತ್ರ ತಮಾಷೆಗೆ ಬರೆಯುತ್ತಿಲ್ಲ.

ತಮ್ಮ ಭಾಷಾಜ್ಞಾನಕ್ಕೆ ತಲೆಬಾಗಿರುವ,
ತಮ್ಮ ವಿಶ್ವಾಸಿ,
ನೆಟ್ಟಾ ಮಕಾಸ್ಲನ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ತಿದ್ದುಪಡಿಯೂ ಬಂತು: "ಬ್ಯಾಚ್, ಕ್ರಿಬ್ ಅಥವಾ ಇನ್ನಾವುದೇ ಹೆಸರಿನ ಕಟ್ಟಡಗಳು." ಇಷ್ಟು ಬೇಗ ನಮ್ಮ ಮಾತು ಕಲಿತಿರಲ್ಲ, ಅಭಿನಂದನೆಗಳು! ಲಾಕೀ ಆಗಲೇ ಯಂತ್ರ ಚಾಲೂ ಮಾಡಿದ್ದಾನೆ. ದಾರಿಯಲ್ಲಿ ಮೊದಲು ಸಿಗುವುದು ತಮ್ಮನ್ನು ಈ ಕೆಲಸಕ್ಕೆ ನೇಮಿಸಿದ ಕೌನ್ಸಿಲ್ಲಿನ ಅಧ್ಯಕ್ಷರ ಕ್ರಿಬ್. ಪಾಪ, ಅವರು ಒಳಗೆ ಮೀನು ಹುರಿಯುತ್ತಿದ್ದಾರೆ. ವಿಷಯ ತಾವು ತಿಳಿಸುತ್ತೀರೋ, ನಾನೇ ಹೋಗಿ ಹೇಳಲೋ?