ನಿರುದ್ಯೋಗ ಕೊಟ್ಟವರು ಯಾರು?

ಡೊಲೊರೆಸ್: ತೆರಿಗೆ ರಿಟರ್ನ್ ಮೂರನೇ ಸಲವೂ ವಾಪಸ್ ಬಂತು. ನನ್ನನ್ನ ಮದುವೆಗೆ ಕೇಳೋಕೆ ಬಂದಾಗ ನಮ್ಮಪ್ಪನೂ ನಿನ್ನನ್ನ ಇಷ್ಟು ಸಲ ವಾಪಸ್ ಕಳಿಸಿರಲಿಲ್ಲ.

ಎಮಿಲ್: ಎರಡು ಸಲ ಕಳಿಸಿದ್ರು. ಮೂರನೇ ಸಲ ಅವರ ಕಾರು ಕೆಟ್ಟು ನಿಂತಿತ್ತು, ನಾನು ರಿಪೇರಿ ಮಾಡಿಕೊಟ್ಟೆ.

ಡೊಲೊರೆಸ್: ತೆರಿಗೆಯವರ ಕಾರು ಕೆಡೋವರೆಗೂ ಕಾಯೋಕಾಗಲ್ಲ. ಎರಡು ಗಂಟೆಗೆ ನಾನು ಬ್ಯಾಂಕಲ್ಲಿರಬೇಕು.

ಅಡುಗೆಮನೆಯ ಮೇಜಿನ ಅರ್ಧ ಭಾಗ ಲ್ಯಾಪ್‌ಟಾಪಿನದು, ಇನ್ನರ್ಧ ಪಿರೋಗಿ ಕಡುಬಿನ ಹಿಟ್ಟಿನದು. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಡೊಲೊರೆಸ್ ಹ್ರುಸ್ಕಾಳ ಆಲೂಗಡ್ಡೆ ಪಿರೋಗಿಗೆ ಜಾನ್ಸ್‌ಟೌನಿನ ಅರ್ಧ ಊರು ಸಾಲು ನಿಲ್ಲುತ್ತಿತ್ತು. ಸಾಲು ಉಪವಾಸದ ಜೊತೆಗೇ ಮುಗಿಯುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಅಂಗಡಿ ಇಡಲು ಸೇತುವೆ ಪಕ್ಕದ ಖಾಲಿ ಮಳಿಗೆಯನ್ನು ನೋಡಿಟ್ಟಿದ್ದಳು. ಸಾಲ ಕೊಡುವ ಬ್ಯಾಂಕಿನವನದು ಒಂದೇ ಷರತ್ತು: ಗಂಡ ಹೆಂಡತಿಯ ಜಂಟಿ ತೆರಿಗೆ ರಿಟರ್ನ್ ಸ್ವೀಕಾರವಾಗಿದೆಯೆಂದು ತೋರಿಸಬೇಕು. ಇವತ್ತು ತೋರಿಸದಿದ್ದರೆ ಮಳಿಗೆ ಅದರ ಮೇಲೆ ಕಣ್ಣಿಟ್ಟಿದ್ದ ಹಚ್ಚೆ ಹಾಕುವವನ ಪಾಲು.

ಡೊಲೊರೆಸ್: ಏನಂತೆ ತಪ್ಪು, ಓದು.

ಎಮಿಲ್: ಕೆಲಸ ಹೋದ ಮೇಲೆ ಬಂದ ನಿರುದ್ಯೋಗದ ಹಣ, ಕೊಟ್ಟವರ ತೆರಿಗೆ ನಂಬರ್ ಹೊಂದುತ್ತಿಲ್ಲ. ಅಷ್ಟೇ.

ಡೊಲೊರೆಸ್: ಮೊದಲನೇ ಸಲ ಏನು ಹಾಕಿದ್ದೆ?

ಎಮಿಲ್: ಏನೂ ಹಾಕಿರಲಿಲ್ಲ. ಆಗಿದ್ದು ಆಗಿಹೋಯ್ತು, ಯಾರ ಮೇಲೂ ದೂರು ಬೇಡ ಅಂತ.

ಡೊಲೊರೆಸ್: ಎರಡನೇ ಸಲ?

ಎಮಿಲ್: ನನ್ನ ನಂಬರ್ ಹಾಕಿದೆ. ನನ್ನದೂ ಸ್ವಲ್ಪ ತಪ್ಪಿತ್ತೇನೋ ಅನ್ನಿಸ್ತು.

ಡೊಲೊರೆಸ್: ಇದೇನು ಪಾದ್ರಿ ಮುಂದೆ ಪಾಪ ಒಪ್ಪಿಕೊಳ್ಳೋದಾ? ಮೂರನೇ ಸಲ ಯಾರದ್ದು?

ಎಮಿಲ್ ಗಡ್ಡ ಕೆರೆದುಕೊಂಡ. ಅವನು ಗಡ್ಡ ಕೆರೆದರೆ ಉತ್ತರ ತನ್ನ ತವರಿನ ಕಡೆಯದೆಂದು ಡೊಲೊರೆಸ್‌ಗೆ ಗೊತ್ತು.

ಎಮಿಲ್: ನಿನ್ನ ತಮ್ಮನದು.

ಡೊಲೊರೆಸ್: ರೂಡಿದಾ?

ಎಮಿಲ್: ಮತ್ತೆ ನಿರುದ್ಯೋಗ ಕೊಟ್ಟವರು ಯಾರು? ಅವನೇ ತಾನೆ? ಹನ್ನೊಂದು ವರ್ಷ ಅವನ ಬೌಲಿಂಗ್ ಆಟದ ಅಂಗಡೀಲಿ ಪಿನ್ನು ನಿಲ್ಲಿಸೋ ಮಷೀನು ನೋಡಿಕೊಂಡೆ. ಒಂದು ದಿನ ಎಲ್ಲರ ಮುಂದೆ ಕೇಕ್ ಕತ್ತರಿಸಿ ಕೊಟ್ಟ. ಕೇಕ್ ತಿಂದಾದ ಮೇಲೆ ನಿರುದ್ಯೋಗನೂ ಕೊಟ್ಟ.

ಡೊಲೊರೆಸ್: ಅಯ್ಯೋ ಮಾರಾಯಾ, ನಿರುದ್ಯೋಗ ಕೊಟ್ಟವರಲ್ಲ, ನಿರುದ್ಯೋಗದ *ಹಣ* ಕೊಟ್ಟವರು. ಅದು ರಾಜ್ಯ ಸರ್ಕಾರ.

ಎಮಿಲ್: ಸರ್ಕಾರಕ್ಕೆ ನನ್ನ ಪರಿಚಯ ಎಲ್ಲಿತ್ತು? ರೂಡಿ ಕಳಿಸಿದ, ಹೋದೆ.

ಡೊಲೊರೆಸ್: ನನ್ನ ಮಾತಿಗೆ ಬೆಲೆ ಇಲ್ಲ. ಅವನ ಬಾಯಿಂದಲೇ ಕೇಳು.

ಹಿಟ್ಟಿನ ಕೈಯಲ್ಲೇ ಫೋನು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಕೇಕ್ ತಿಂದ ದಿನದಿಂದ ಭಾವ-ಮೈದುನರ ನಡುವೆ ಮಾತಿರಲಿಲ್ಲ. ಭಾನುವಾರದ ಊಟದಲ್ಲಿ ಉಪ್ಪು ಬೇಕಾದರೂ ಇಬ್ಬರೂ ಅವಳ ಮೂಲಕವೇ ಕೇಳುತ್ತಿದ್ದರು.

ಡೊಲೊರೆಸ್: ರೂಡಿ, ನಿನ್ನ ಭಾವನಿಗೆ ಹೇಳು, ಅವನ ನಿರುದ್ಯೋಗದ ಹಣ ಕೊಟ್ಟವರು ಯಾರು ಅಂತ.

ರೂಡಿ: ನಾನು.

ಎಮಿಲ್ ಕೈಕಟ್ಟಿ ಕುರ್ಚಿಗೆ ಒರಗಿದ.

ಡೊಲೊರೆಸ್: ಬಂದಿದ್ದು ಸರ್ಕಾರದಿಂದ ಕಣೋ.

ರೂಡಿ: ಸರ್ಕಾರಕ್ಕೆ ಬಂದಿದ್ದು ಎಲ್ಲಿಂದ ಅಕ್ಕಾ? ಮಾಲೀಕರ ಹತ್ತಿರ ಕಟ್ಟಿಸಿಕೊಂಡೇ ಅವರು ಕೊಡೋದು. ಭಾವನ್ನ ಕೆಲಸದಿಂದ ಬಿಡಿಸಿದ್ದಕ್ಕೆ ಈ ವರ್ಷ ನನ್ನ ಕಂತು ಏರಿಸಿದಾರೆ.

ಎಮಿಲ್: ನಾನು ಹೇಳಿದ್ದೂ ಅದನ್ನೇ ರೂಡಿ.

ರೂಡಿ: ನೀನು ಯಾವಾಗಲೂ ನ್ಯಾಯವಾಗಿ ಮಾತಾಡೋನು ಭಾವ.

ಎಮಿಲ್: ಏರಿಸಿದ್ರಾ? ಪಾಪ.

ರೂಡಿ: ಇರಲಿ ಬಿಡು. ಮನೆಯವರಿಗೆ ತಾನೆ ಹೋಗಿದ್ದು.

ಒಂಬತ್ತು ತಿಂಗಳು ಇಬ್ಬರ ನಡುವೆ ಉಪ್ಪಿನ ಡಬ್ಬಿ ಸಾಗಿಸಿದವಳು ಡೊಲೊರೆಸ್. ಅವರ ರಾಜಿ ಇಷ್ಟು ಅಗ್ಗಕ್ಕೆ ಆಗಿಹೋದದ್ದು ಅವಳ ಹೊಟ್ಟೆ ಉರಿಸಿತು.

ಡೊಲೊರೆಸ್: ಇಬ್ಬರೂ ಸರಿ. ಕಂಪ್ಯೂಟರೇ ದಡ್ಡ. ಆದ್ರೆ ಬ್ಯಾಂಕಿನವನು ಕಂಪ್ಯೂಟರ್ ಕಡೆ. ಫ್ರಿಜ್ ಬಾಗಿಲಿನ ಮೇಲೆ ಜನವರಿಯಿಂದ ಒಂದು ಕಾಗದ ಅಂಟಿಸಿದೀನಿ, ಕಣ್ಣಿಗೆ ಬಿದ್ದಿದೆಯಾ?

ಎಮಿಲ್: ಕಸದ ಗಾಡಿ ಬರೋ ದಿನದ ಪಟ್ಟಿ ಅಲ್ವಾ?

ಡೊಲೊರೆಸ್: ಸರ್ಕಾರ ಕಳಿಸಿದ್ದು. ನಿನಗೆ ಎಷ್ಟು ಕೊಟ್ರು, ಕೊಟ್ಟವರ ನಂಬರ್ ಏನು, ಎಲ್ಲ ಅದರಲ್ಲೇ ಇದೆ. ಬಿಯರ್ ತೆಗೆಯೋವಾಗೆಲ್ಲ ಅದರ ಮುಖ ನೋಡಿದೀಯ.

ಎಮಿಲ್ ಎದ್ದು ಕಾಗದ ಕಿತ್ತು ತಂದ. ಆದರೆ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತು.

ಎಮಿಲ್: ಸರ್ಕಾರದ ನಂಬರ್ ಹಾಕಿದ್ರೆ ನಾನು ಸರ್ಕಾರದ ಅನ್ನ ತಿಂದೆ ಅಂತಾಗುತ್ತೆ ಡೊಲೊರೆಸ್. ಉಕ್ಕಿನ ಕಾರ್ಖಾನೆ ಮುಚ್ಚಿದಾಗಲೂ ನಮ್ಮಪ್ಪ ಆ ಹಣಕ್ಕೆ ಸಾಲು ನಿಂತಿರಲಿಲ್ಲ.

ಡೊಲೊರೆಸ್ ಮೊದಲ ಬಾರಿಗೆ ಹಿಟ್ಟು ಬಿಟ್ಟು ಕೈ ಒರೆಸಿಕೊಂಡಳು.

ಡೊಲೊರೆಸ್: ಯಾರ ಅನ್ನನೂ ಅಲ್ಲ. ನೀನು ಹನ್ನೊಂದು ವರ್ಷ ದುಡಿದಿದ್ದಕ್ಕೆ ಇವನು ಕಟ್ಟಿದ್ದು, ಅವರು ಇಟ್ಟುಕೊಂಡಿದ್ದು. ನಿನ್ನ ಬೆನ್ನು ನೋವಿನ ದುಡ್ಡು ಮೂರು ಬೀದಿ ಸುತ್ತಿ ನಿನ್ನ ಹತ್ತಿರವೇ ಬಂತು.

ರೂಡಿ: ಅದು ಸರಿ ಭಾವ. ಆ ಬೆನ್ನಿಗೆ ನಾನೇ ಸಾಕ್ಷಿ.

ಎಮಿಲ್ ನಂಬರ್ ಒತ್ತಿದ. ಡೊಲೊರೆಸ್ ಭುಜದ ಮೇಲಿಂದ ಬಗ್ಗಿ ಒಂದೊಂದೇ ಅಂಕಿ ಕಾಗದಕ್ಕೆ ಹೋಲಿಸಿದಳು. ಕಳಿಸಿದರು. ಒಂದು ತಟ್ಟೆ ಪಿರೋಗಿ ಬೆಂದು ಮೇಲೆ ತೇಲುವಷ್ಟು ಹೊತ್ತು ಉತ್ತರಕ್ಕೆ ಕಾದರು. ಫೋನಿನಲ್ಲಿ ರೂಡಿಯೂ.

ಎಮಿಲ್: ಸ್ವೀಕಾರ ಆಯ್ತು.

ಡೊಲೊರೆಸ್ ಪರದೆಯನ್ನು ಎರಡು ಸಲ ಓದಿ ಏಪ್ರನ್ ಬಿಚ್ಚಿದಳು.

ರೂಡಿ: ಭಾವ, ಹೇಗೂ ಮಾತು ಬಂತಲ್ಲ. ನಾಲ್ಕನೇ ಮಷೀನು ನೀನು ಹೋದಾಗಿನಿಂದ ಪಿನ್ನು ನುಂಗ್ತಾ ಇದೆ. ಹೊಸ ಹುಡುಗ ಕೈಪಿಡಿ ಓದ್ತಾನೆ, ಮಷೀನು ಅದನ್ನ ಓದಿಲ್ಲ. ಸೋಮವಾರದಿಂದ ಬಂದುಬಿಡು.

ಎಮಿಲ್ ಬಾಯಿ ತೆರೆಯುವಷ್ಟರಲ್ಲಿ ಕೋಟಿನ ಒಂದು ತೋಳು ಹಾಕಿಕೊಂಡಿದ್ದ ಡೊಲೊರೆಸ್ ಫೋನಿನತ್ತ ಬಗ್ಗಿದಳು.

ಡೊಲೊರೆಸ್: ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ.

ರೂಡಿ: ಎಲ್ಲಿ?

ಡೊಲೊರೆಸ್: ಸೇತುವೆ ಪಕ್ಕದ ಪಿರೋಗಿ ಅಂಗಡೀಲಿ.

ಎಮಿಲ್: ಯಾವಾಗ ಸಿಕ್ತು? ನಾನು ಅರ್ಜಿನೇ ಹಾಕಿಲ್ವಲ್ಲ.

ಡೊಲೊರೆಸ್: ಅದಕ್ಕೇ ಸಿಕ್ಕಿದ್ದು. ನೀನು ಹಾಕಿದ್ರೆ ವಾಪಸ್ ಬರ್ತಿತ್ತು.